ಆರೋಗ್ಯಕೇಂದ್ರದ ಬಾಳಿಕೆ

ಆರೋಗ್ಯಕೇಂದ್ರವನ್ನು ತೆರೆಯುವುದು ಸುಲಭ. ಬಹುಕಾಲ ನಡೆಸಿಕೊಂಡು ಹೋಗುವುದೇ ಕಷ್ಟ. ದಾನಿಗಳ ಉತ್ಸಾಹ ಕುಗ್ಗಿದೊಡನೆ ಬಾಗಿಲು ಮುಚ್ಚುವ ಕೇಂದ್ರಗಳುಂಟು. ಈ ತೊಡಕಿಗೆ ಅಂದಿನ ಮದರಾಸಿನಲ್ಲಿ, ಎಂದರೆ ಇಂದಿನ ಚೆನ್ನೈಯಲ್ಲಿ, ಪರಿಹಾರವನ್ನರಸಿದವರು ಡಾ. ಕೆ. ಎಸ್. ಸಂಜೀವಿ. 1958ರಲ್ಲಿ ಅವರು ಸ್ಥಾಪಿಸಿದ ವಾಲಂಟರಿ ಹೆಲ್ತ್ ಸರ್ವಿಸಸ್ ಸಂಸ್ಥೆಯು, ಪ್ರತಿಯೊಂದು ಕುಟುಂಬವೂ ತನ್ನ ವರಮಾನಕ್ಕನುಗುಣವಾಗಿ ವಾರ್ಷಿಕ ವಂತಿಗೆ ಸಲ್ಲಿಸುವ ಪದ್ಧತಿಯನ್ನು ಆಚರಣೆಗೆ ತಂದಿತು. ಮುಂದೆ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 5,000 ಜನರಿಗೊಂದರಂತೆ ಕಿರು ಆರೋಗ್ಯಕೇಂದ್ರಗಳನ್ನು ತೆರೆಯಿತು. ರೋಗನಿವಾರಣೆ, ತಾಯಿಮಕ್ಕಳ ಆರೈಕೆ, ಮನೆಮನೆಯ ಭೇಟಿ ಇವು ಅಲ್ಲಿನ ಕಾರ್ಯಗಳು.

ವಂತಿಗೆಯೊಂದರಿಂದಲೇ ವೆಚ್ಚವೆಲ್ಲ ತುಂಬದು. ಸರ್ಕಾರದ ನೆರವೂ ಬೇಕು. ಆದರೆ ಆರೋಗ್ಯದಿಂದಿರುವಾಗಲೇ ತನ್ನ ಪಾಲನ್ನು ತೆತ್ತವನು ಕೇಂದ್ರವನ್ನು ಅನ್ಯರ ದಾನವೆಂದೆಣಿಸದೆ ತನ್ನದೆಂದೇ ಬಗೆಯುತ್ತಾನೆ. ಔಷಧ ಮುಗಿದರೆ, ಸೇವಕರು ಬಾರದಿದ್ದರೆ, ಏಕೆಂದು ಕೇಳುತ್ತಾನೆ. ಆ ಕೇಳಿಕೆಯೇ ಕೇಂದ್ರದ ಆಯುಸ್ಸು.