ಪರದೆಯ ತುಂಬ ಉದ್ಧರಣ ಚಿಹ್ನೆ

ಹಳೆಯ ಕಂಪ್ಯೂಟರ್ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಉಳಿದರೆ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಯಂತ್ರ ಎದ್ದ ಕೂಡಲೇ ಬಯಾಸ್ ಎಂಬ ಪುಟ್ಟ ಪ್ರೋಗ್ರಾಂ ಒಂದೊಂದೇ ಭಾಗವನ್ನು ಪರೀಕ್ಷಿಸುತ್ತದೆ. ತಪ್ಪು ಕಂಡರೆ ಪರದೆಯ ಮೇಲೆ ಬರೆಯಬೇಕು, ಆದರೆ ಬರೆಯಲು ಬೇಕಾದ ವಿಡಿಯೊ ಕಾರ್ಡೇ ಕೆಟ್ಟಿದ್ದರೆ? ಅದಕ್ಕಾಗಿ ಒಳಗಿನ ಸ್ಪೀಕರಿನಿಂದ ಬೀಪ್ ಹೊಡೆಯುತ್ತದೆ. ಅವಾರ್ಡ್ ಕಂಪನಿಯ ಬಯಾಸ್ ಇದ್ದರೆ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ವಿಡಿಯೊ ದೋಷ. ಎಎಂಐ ಬಯಾಸ್ ಆದರೆ ಎಂಟು ಗಿಡ್ಡ ಬೀಪ್.

ಈಗ ಯಾರಿಗೆ ಬೇಕು ಇದು ಎಂದು ಕೇಳುವವರಿಗೆ ಉತ್ತರ ನಮ್ಮ ಮಾಮುವಿನ ಟೈರ್ ಅಂಗಡಿಯಲ್ಲಿದೆ. ಅಲ್ಲಿನ ವೀಲ್ ಅಲೈನ್‌ಮೆಂಟ್ ಯಂತ್ರವನ್ನು ನಡೆಸುವುದು ಒಂದು 486 ಕಂಪ್ಯೂಟರ್. ಚಕ್ರಗಳ ಸೆನ್ಸರಿನಿಂದ ಅಳತೆ ತರುವ ಕಾರ್ಡ್ ಐಎಸ್‌ಎ ಸ್ಲಾಟಿನಲ್ಲಿ ಮಾತ್ರ ಕೂರುತ್ತದೆ, ಹೊಸ ಕಂಪ್ಯೂಟರಿನಲ್ಲಿ ಆ ಸ್ಲಾಟೇ ಇಲ್ಲ. ಅಂದರೆ ಕಂಪ್ಯೂಟರ್ ಬದಲಿಸುವುದೆಂದರೆ ಇಡೀ ಯಂತ್ರವನ್ನೇ ಬದಲಿಸುವುದು, ಅದಕ್ಕೆ ಲಕ್ಷಗಳ ಮಾತು. ಈ ರಂಜಾನಿನಲ್ಲಿ, ಈದ್‌ಗೆ ಹತ್ತು ದಿನ ಇರುವಾಗ ಅದರ ಪರದೆ ಕೆಟ್ಟಿತು. ಅಂಗಡಿಯ ಇಬ್ಬರು ಹುಡುಗರ ದಿನಗೂಲಿ ಆ ಯಂತ್ರದಿಂದಲೇ ಹುಟ್ಟಬೇಕು. ರಿಪೇರಿಗೆ ಬಂದವರೊಬ್ಬರು ನೋಡಿ, ಗುಜರಿಗೆ ಹಾಕಿ ಎಂದು ಹೇಳಿಹೋಗಿದ್ದರು.

ನಾನು ಹೋಗಿ ನೋಡಿದಾಗ ಬೀಪ್ ಇರಲಿಲ್ಲ. ಪರದೆಯೂ ಕಪ್ಪಾಗಿರಲಿಲ್ಲ. ಖಾಲಿ ಇರಬೇಕಾದ ಜಾಗದಲ್ಲೆಲ್ಲ ಉದ್ಧರಣ ಚಿಹ್ನೆಗಳು ಸಾಲುಗಟ್ಟಿ ನಿಂತಿದ್ದವು. ವೀಲ್ ಎಂಬ ಇಂಗ್ಲಿಷ್ ಪದದ ಐದು ಅಕ್ಷರಗಳ ಜಾಗದಲ್ಲಿ ಡಬ್ಲ್ಯು, ಜೆ, ಜಿ, ಜಿ, ಎನ್ ಎಂದಿತ್ತು.

ಚಿಪ್ಪಿಗೆ ಕೈ ಹಾಕುವ ಮೊದಲು ಸುಲಭದ ಕಾರಣಗಳನ್ನು ಕಳೆಯಬೇಕು. ಮಾನಿಟರಿನ ಕೇಬಲ್ ನೋಡಿ. 1987ರಲ್ಲಿ ಐಬಿಎಂ ತಂದ ವಿಜಿಎ ಪದ್ಧತಿಯ ಈ ಪ್ಲಗ್ಗಿನಲ್ಲಿ 15 ಪಿನ್ನುಗಳಿಗೆ ಜಾಗ. ಒಂಬತ್ತನೆಯದು ಎಷ್ಟೋ ಕೇಬಲ್‌ಗಳಲ್ಲಿ ಇರುವುದೇ ಇಲ್ಲ, ಅದು ಮುರಿದದ್ದಲ್ಲ. ಮೊದಲ ಮೂರು ಪಿನ್ನುಗಳು ಕೆಂಪು, ಹಸಿರು, ನೀಲಿ. ಬಿಳಿ ಅಕ್ಷರ ಹಳದಿಯಾಗಿ ಕಂಡರೆ ನೀಲಿಯ ಪಿನ್ ಬಾಗಿದೆ ಎಂದು ಊಹಿಸಬಹುದು. ಆದರೆ ಕೇಬಲ್ ಕೆಟ್ಟರೆ ಬಣ್ಣ ಹೋಗುತ್ತದೆ, ಚಿತ್ರ ಅಲುಗುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಒಂದು ಅಕ್ಷರ ಮತ್ತೊಂದು ಅಕ್ಷರವಾಗುವುದು ಸಾಧ್ಯವಿಲ್ಲ.

ಮುಂದಿನದು ಕಾರ್ಡಿನ ಅಂಚು. ಪವರ್ ಕೇಬಲನ್ನು ಗೋಡೆಯಿಂದಲೇ ಕಿತ್ತು, ಕೈಯನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಮುಟ್ಟಿಸಿ, ಆಮೇಲೆ ಕಾರ್ಡ್ ತೆಗೆಯಬೇಕು. ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ರಬ್ಬರಿನ ಪುಡಿ ಕ್ಯಾಬಿನೆಟ್ಟಿನೊಳಗೆ ಬೀಳಬಾರದು. ಮತ್ತೆ ಕೂರಿಸುವಾಗ ಒಂದು ಸಂಗತಿ ಗಮನಿಸಿ: ಹಿಂಬದಿಯ ಸ್ಕ್ರೂ ಬಿಗಿ ಮಾಡಿದಾಗ ಎಷ್ಟೋ ಸಲ ಕಾರ್ಡಿನ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೇಳುತ್ತದೆ. ಕಣ್ಣಿಗೆ ಕಾಣದ ಆ ಅಂತರವೇ ಸಾಕು. ಪವರ್ ಸಪ್ಲೈ ಮತ್ತು ಹಳೆಯ ಗಾಜಿನ ಮಾನಿಟರನ್ನು ಮಾತ್ರ ಬಿಚ್ಚಬೇಡಿ. ಆಫ್ ಮಾಡಿದ ಮೇಲೂ ಅವುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಇಷ್ಟಾದರೂ ಉದ್ಧರಣ ಚಿಹ್ನೆಗಳು ಕದಲಲಿಲ್ಲ. ಇಲ್ಲಿಂದ ಪ್ರಥಮ ಪಿಯುಸಿಯ ಬೈನರಿ ಪಾಠ ನೆರವಿಗೆ ಬಂತು. ಪರೀಕ್ಷೆಯ ಎರಡು ಅಂಕಕ್ಕೆಂದು ನಾವು ಓದುವ ಪಾಠ ಅದು.

ಅಕ್ಷರಗಳ ಪರದೆಯಲ್ಲಿ 80 ಕಾಲಂ, 25 ಸಾಲು, ಒಟ್ಟು 2000 ಜಾಗ. ಪ್ರತಿ ಜಾಗಕ್ಕೂ ಕಾರ್ಡಿನ ಮೆಮೊರಿಯಲ್ಲಿ ಎರಡು ಬೈಟ್: ಒಂದು ಅಕ್ಷರದ ಆಸ್ಕಿ ಸಂಖ್ಯೆ, ಇನ್ನೊಂದು ಬಣ್ಣ. ಖಾಲಿ ಜಾಗದ ಸಂಖ್ಯೆ 32, ಬೈನರಿಯಲ್ಲಿ 00100000. ಉದ್ಧರಣ ಚಿಹ್ನೆಯದು 34, ಅಂದರೆ 00100010. ವ್ಯತ್ಯಾಸ ಒಂದೇ ಬಿಟ್, ಬಲದಿಂದ ಎರಡನೆಯದು. ಈಗ ಅಕ್ಷರಗಳನ್ನು ನೋಡಿ. ಎಚ್ 72, ಅದಕ್ಕೆ 2 ಸೇರಿದರೆ 74, ಅದು ಜೆ. ಇ 69, ಆದದ್ದು 71, ಜಿ. ಎಲ್ 76, ಆದದ್ದು 78, ಎನ್. ಡಬ್ಲ್ಯು ಮಾತ್ರ ಸರಿಯಾಗಿದ್ದುದೇಕೆ? ಅದರ ಸಂಖ್ಯೆ 87, ಬೈನರಿಯಲ್ಲಿ 01010111. ಆ ಬಿಟ್ ಅಲ್ಲಿ ಮೊದಲೇ 1 ಆಗಿದೆ. ಹಾಗಾದರೆ ಕಾರ್ಡಿನ ಮೆಮೊರಿಯಲ್ಲಿ ಒಂದು ಬಿಟ್ಟಿನ ದಾರಿ 1ರಲ್ಲೇ ಸಿಕ್ಕಿಕೊಂಡಿದೆ. ಪ್ರೋಗ್ರಾಂ ಸರಿಯಿದೆ, ಹಾರ್ಡ್ ಡಿಸ್ಕ್ ಸರಿಯಿದೆ, ಅಳತೆ ತರುವ ಕಾರ್ಡೂ ಸರಿಯಿದೆ. ಮಾಮುವಿಗೆ ಇದನ್ನು ಹೇಳಿದಾಗ ಅವರು ಬೈನರಿ ಕೇಳಲಿಲ್ಲ. "ಅಂದರೆ ಗುಜರಿಗಲ್ಲ, ಅಲ್ವಾ ಬೇಟಾ?" ಎಂದಷ್ಟೇ ಕೇಳಿದರು.

ಆ ಕಾರ್ಡಿನಲ್ಲಿ ಎಂಟು ಮೆಮೊರಿ ಚಿಪ್ಪುಗಳು ಸಾಕೆಟ್ಟಿನಲ್ಲಿ ಕೂತಿದ್ದವು. ಒಂದೊಂದು ಚಿಪ್ಪು ನಾಲ್ಕು ಬಿಟ್ ಅಗಲ, ಎರಡು ಸೇರಿದರೆ ಒಂದು ಬೈಟ್. ಬಿಸಿಯಾಗಿ, ತಣ್ಣಗಾಗಿ ಇಂಥ ಚಿಪ್ಪುಗಳು ವರ್ಷಗಳಲ್ಲಿ ಸಾಕೆಟ್ಟಿನಿಂದ ಸ್ವಲ್ಪ ಸ್ವಲ್ಪವೇ ಮೇಲೆದ್ದು ಬರುತ್ತವೆ. ಹೆಬ್ಬೆರಳಿನಿಂದ ಒಂದೊಂದನ್ನೂ ಒತ್ತಿದೆ. ಎರಡು ಟಕ್ ಎಂದು ಕೂತವು, ಪರದೆ ಮಾತ್ರ ಹಾಗೇ.

ಇನ್ನುಳಿದದ್ದು ಅದಲು ಬದಲು ಪರೀಕ್ಷೆ. ಮೀಟರು ಇಲ್ಲದಾಗ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಎರಡು ಚಿಪ್ಪುಗಳ ಜಾಗ ಬದಲಿಸಿ. ದೋಷ ಚಿಪ್ಪಿನೊಂದಿಗೆ ಹೋದರೆ ಚಿಪ್ಪು ಕೆಟ್ಟಿದೆ, ಇದ್ದಲ್ಲೇ ಉಳಿದರೆ ಸಾಕೆಟ್ ಅಥವಾ ಬೋರ್ಡು ಕೆಟ್ಟಿದೆ. ಚಿಪ್ಪಿನ ಒಂದು ತುದಿಯಲ್ಲಿ ಅರ್ಧಚಂದ್ರದ ಗುರುತು ಇರುತ್ತದೆ, ಅದು ಸಾಕೆಟ್ಟಿನ ಗುರುತಿಗೆ ಹೊಂದಬೇಕು. ಮೂರನೆಯ ಬದಲಾವಣೆಗೆ ಉದ್ಧರಣ ಚಿಹ್ನೆಗಳೆಲ್ಲ ಮಾಯವಾದವು, ಅಕ್ಷರಗಳೂ ಸರಿಯಾದವು. ಆದರೆ ಕಪ್ಪು ಹಿನ್ನೆಲೆ ಪೂರ್ತಿ ಹಸಿರು! ಅಂಗಡಿಯ ಹುಡುಗರಿಗೆ ಗಾಬರಿ, ನನಗೆ ಖುಷಿ. ಕೆಟ್ಟ ಚಿಪ್ಪು ಈಗ ಬಣ್ಣದ ಬೈಟಿನ ಮೇಲಿನ ಅರ್ಧಕ್ಕೆ ಹೋಗಿತ್ತು. ಅಲ್ಲಿ ಅದೇ ಎರಡನೆಯ ಬಿಟ್ ಹಿನ್ನೆಲೆಯ ಹಸಿರು.

ಜುಮಾ ನಮಾಜ್ ಮುಗಿಸಿ ಗುಜರಿ ಅಂಗಡಿಗಳನ್ನು ಸುತ್ತಿ ಅದೇ ನಮೂನೆಯ ಚಿಪ್ಪುಗಳಿದ್ದ ಸತ್ತ ಕಾರ್ಡೊಂದನ್ನು ತಂದೆವು. ಚಿಪ್ಪಿನ ಹೆಸರಿನ ಕೊನೆಗೆ 70 ಅಥವಾ 80 ಎಂದು ಬರೆದಿರುತ್ತದೆ. ಅದು ನ್ಯಾನೊಸೆಕೆಂಡಿನ ಲೆಕ್ಕ, ಸಂಖ್ಯೆ ಸಣ್ಣದಾದಷ್ಟೂ ವೇಗ ಹೆಚ್ಚು. ಇದ್ದುದಕ್ಕಿಂತ ನಿಧಾನದ್ದನ್ನು ಹಾಕಬಾರದು. ನಮ್ಮದು 80, ಸಿಕ್ಕಿದ್ದು 70. ಹಾಕಿದ ಮೇಲೆ ಮೊದಲು ಅಲೈನ್‌ಮೆಂಟ್ ಆದದ್ದು ಒಂದು ಹಳೆಯ ಓಮ್ನಿಗೆ.

ಕೆಟ್ಟ ಚಿಪ್ಪು ನನ್ನ ಬಳಿ ಇದೆ. ಉಳಿದ ಏಳು ಒಳ್ಳೆಯ ಚಿಪ್ಪುಗಳಿರುವ ಆ ಗುಜರಿ ಕಾರ್ಡನ್ನು ಲ್ಯಾಬಿನ ಕಪಾಟಿನಲ್ಲಿ ಇಟ್ಟಿದ್ದೇನೆ. ನೋಡಬೇಕೆಂದವರು ಸರ್ ಅವರ ಅನುಮತಿ ಪಡೆದು ನೋಡಬಹುದು.