ಅಜ್ಜನ ಅಡಕತ್ತರಿ: ಮಾರಬೇಕಾ, ಇಟ್ಕೋಬೇಕಾ?

ಮನೆ ರಿಪೇರಿಗೆ ಅಂತ ಅಟ್ಟ ಇಳಿಸುವಾಗ ಅಥವಾ ಪಾಲು ಆಗುವಾಗ ಹಳೆಯ ಎಲೆ-ಅಡಿಕೆ ಚೀಲದಲ್ಲಿ ಒಂದು ಹಿತ್ತಾಳೆ ಅಡಕತ್ತರಿ ಸಿಗೋದು ನಮ್ಮ ಕಡೆ ಹೊಸದೇನಲ್ಲ. ಕೆಲವರು ಇದನ್ನ ಅಡಕೊತ್ತು ಅಂತಾರೆ. ಕೆಲವು ಸಾದಾ ಇರುತ್ತವೆ, ಕೆಲವಕ್ಕೆ ಗಿಳಿ, ನವಿಲು, ಕುದುರೆಯ ರೂಪ ಇರುತ್ತೆ. ಊರಿಗೆ ಬೈಕಿನಲ್ಲಿ ಬರೋ ಹಳೆ ಸಾಮಾನಿನವರು ಇದನ್ನ ನೋಡಿದ ಕೂಡಲೇ ಒಂದು ರೇಟು ಹೇಳ್ತಾರೆ. ಆ ಕ್ಷಣದಲ್ಲಿ ಹೂಂ ಅನ್ನಬೇಡಿ. ಮೊದಲು ಈ ಐದು ವಿಷಯ ನೋಡ್ಕೊಳ್ಳಿ.

1. ವಸ್ತು ಯಾರದ್ದು?

ಅಜ್ಜ ಉಯಿಲು ಬರೆಯದೆ ತೀರಿಕೊಂಡಿದ್ರೆ ಜಮೀನಿನ ಹಾಗೆ ಮನೆ ಸಾಮಾನಿನ ಮೇಲೂ ವಾರಸುದಾರರಿಗೆಲ್ಲ ಹಕ್ಕಿರುತ್ತೆ, ಹೆಣ್ಣುಮಕ್ಕಳಿಗೂ ಇರುತ್ತೆ. ಸಾವಿರ ರೂಪಾಯಿ ವಸ್ತುವಿಗೆ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣ-ತಮ್ಮಂದಿರನ್ನ ನೀವೂ ನೋಡಿರ್ತೀರಿ. ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಹಾಕಿ, "ಯಾರಿಗಾದ್ರೂ ಬೇಕಾ?" ಅಂತ ಕೇಳಿ. ಅತ್ತೆಯೋ ಚಿಕ್ಕಪ್ಪನೋ ಅದರ ಹಿಂದಿನ ಕಥೆ ಹೇಳಬಹುದು. ಆ ಕಥೆಯನ್ನ ಧ್ವನಿ ರೆಕಾರ್ಡ್ ಮಾಡಿಟ್ಕೊಳ್ಳಿ. ಯಾರ ಕೈಯಲ್ಲಿತ್ತು, ಯಾವ ಊರಲ್ಲಿ ಮಾಡಿಸಿದ್ದು ಅಂತ ಗೊತ್ತಿರುವ ವಸ್ತುವಿಗೆ ಸಂಗ್ರಹಕಾರರ ಹತ್ತಿರವೂ ಬೆಲೆ ಹೆಚ್ಚು.

2. ನಿಜಕ್ಕೂ ಹಳೆಯದಾ?

ಒಂದು ಅಯಸ್ಕಾಂತ ಹಿಡೀರಿ. ಹಿಡಿಕೆ ಹಿತ್ತಾಳೆ ಆಗಿದ್ರೆ ಅಂಟೋದಿಲ್ಲ, ಅಲಗು ಕಬ್ಬಿಣ ಅಥವಾ ಉಕ್ಕು ಆಗಿದ್ರೆ ಅಂಟುತ್ತೆ. ಆಮೇಲೆ ಸವೆತ ನೋಡಿ. ದಿನಾ ಬಳಸಿದ ಅಡಕತ್ತರಿ ಎಲ್ಲ ಕಡೆ ಒಂದೇ ಥರ ಸವೆದಿರೋದಿಲ್ಲ. ಬೆರಳು ಕೂರುವ ಜಾಗ ನುಣುಪಾಗಿರುತ್ತೆ, ತಿರುಗಣೆ ಮೊಳೆ ಸ್ವಲ್ಪ ಸಡಿಲ ಆಗಿರುತ್ತೆ, ಅಲಗು ಮಸೆದು ಮಸೆದು ತೆಳ್ಳಗಾಗಿರುತ್ತೆ. ಮೂಲೆ-ಸಂದಿಯಿಂದ ಹಿಡಿಕೆವರೆಗೆ ಒಂದೇ ಥರ ಕಪ್ಪಾಗಿದ್ರೆ, ಅದು ಹೊಸ ವಸ್ತುವಿಗೆ ಬಣ್ಣ ಬರಿಸಿದ್ದಿರಬಹುದು.

ಒಂದು ಮುಖ್ಯ ಮಾತು: ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಫಳಫಳ ಉಜ್ಜಬೇಡಿ. ವರ್ಷಗಳಿಂದ ಕೂತ ಆ ಮಾಸಲು ಬಣ್ಣವೇ ವಸ್ತುವಿನ ವಯಸ್ಸಿಗೆ ಸಾಕ್ಷಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಅಲಗಿಗೆ ತೆಳ್ಳಗೆ ಎಣ್ಣೆ ಸವರಿದ್ರೆ ಸಾಕು.

3. ಕಾನೂನು ಏನು ಹೇಳುತ್ತೆ?

100 ವರ್ಷಕ್ಕಿಂತ ಹಳೆಯ ಕುಶಲ ಕೆಲಸದ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರಬಹುದು. ಹಾಗೆ ಬಂದ್ರೆ ಖಾಸಗಿಯವರು ಅದನ್ನ ಹೊರದೇಶಕ್ಕೆ ಕಳಿಸೋ ಹಾಗಿಲ್ಲ. "ವಿದೇಶದ ಗಿರಾಕಿ ಇದ್ದಾನೆ, ಕೊರಿಯರ್ ಮಾಡಿ" ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ. ಇಂಥ ವಸ್ತುಗಳ ವ್ಯಾಪಾರವನ್ನೇ ಉದ್ಯೋಗ ಮಾಡ್ಕೊಂಡವರಿಗೆ ಲೈಸೆನ್ಸ್ ಬೇಕು, ಕೊಳ್ಳೋಕೆ ಬಂದವರನ್ನ ಅದರ ಬಗ್ಗೆ ಕೇಳೋದ್ರಲ್ಲಿ ತಪ್ಪೇನಿಲ್ಲ. ವಯಸ್ಸಿನ ಬಗ್ಗೆ ಅನುಮಾನ ಇದ್ರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನ ಕೇಳಬಹುದು.

ಹಿಡಿಕೆ ಯಾವುದರದ್ದು ಅಂತಲೂ ನೋಡಿ. ಆನೆ ದಂತ, ಜಿಂಕೆ ಅಥವಾ ಕಡವೆ ಕೊಂಬಿನ ಹಿಡಿಕೆ ಇರುವ ಚಾಕು, ಕತ್ತಿ ಸಿಕ್ಕಿದ್ರೆ ಅದನ್ನ ಮಾರೋದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಫೋಟೊ ಹಾಕಿ ಗಿರಾಕಿ ಹುಡುಕಬೇಡಿ, ಅರಣ್ಯ ಇಲಾಖೆಯನ್ನ ಕೇಳಿ.

4. ಬೆಲೆ ಹೇಗೆ ಗೊತ್ತಾಗುತ್ತೆ?

ತೂಕದ ಲೆಕ್ಕ ಮೊದಲು ಮಾಡಿ. ಅಡಕತ್ತರಿ 300 ಗ್ರಾಂ ಇದೆ, ಹಳೆ ಹಿತ್ತಾಳೆ ಕೆ.ಜಿ.ಗೆ 500 ರೂಪಾಯಿ ಅಂತ ಇಟ್ಕೊಳ್ಳಿ, ಸಿಗೋದು 150 ರೂಪಾಯಿ. ಗುಜರಿಗೆ ಹಾಕಿದ್ರೆ ಅಷ್ಟೇ. ಕೆತ್ತನೆ, ರೂಪ, ವಯಸ್ಸಿಗೆ ಸಿಗೋ ಬೆಲೆ ಬೇರೆ. ಅದಕ್ಕೆ ಆನ್‌ಲೈನ್‌ನಲ್ಲಿ ನೋಡುವಾಗ ಮಾರುವವರು ಕೇಳಿರೋ ಬೆಲೆ ನಂಬಬೇಡಿ, ಹರಾಜಿನಲ್ಲಿ ನಿಜಕ್ಕೂ ಮಾರಾಟ ಆದ ಬೆಲೆ ನೋಡಿ. ಕನಿಷ್ಠ ಮೂವರ ಹತ್ತಿರ ಕೇಳಿ.

ಮೋಸದ ಬಗ್ಗೆ ಎಚ್ಚರ ಇರಲಿ. ದುಡ್ಡು ಪಡೆಯೋಕೆ ನೀವು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಬೇಕಾಗಿಲ್ಲ. "ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ" ಅನ್ನೋರು ಕೊಳ್ಳೋರಲ್ಲ. ಹಳೆ ತಾಮ್ರ-ಹಿತ್ತಾಳೆ ಅಕ್ಕಿ ಎಳೆಯುತ್ತೆ, ಕೋಟಿ ಬೆಲೆ ಬಾಳುತ್ತೆ ಅನ್ನೋ ರೈಸ್ ಪುಲ್ಲಿಂಗ್ ಕಥೆಯಲ್ಲಿ ಜಮೀನು ಅಡ ಇಟ್ಟು ಮುಳುಗಿದವರಿದ್ದಾರೆ.

5. ಹಾಗಾದ್ರೆ ನಿರ್ಧಾರ?

ಮೂರು ಪ್ರಶ್ನೆ ಕೇಳ್ಕೊಳ್ಳಿ. ಈ ದುಡ್ಡಿನಿಂದ ನನ್ನ ಯಾವ ಕೆಲಸ ಆಗುತ್ತೆ? ಮನೆಯಲ್ಲಿ ಇದನ್ನ ಬಳಸೋರು, ನೋಡ್ಕೊಳ್ಳೋರು ಇದ್ದಾರಾ? ಐದು ವರ್ಷ ಆದ ಮೇಲೆ ಮತ್ತೆ ಬೇಕು ಅನ್ನಿಸಿದ್ರೆ ಸಿಗುತ್ತಾ? ಎರಡು ಗೊಬ್ಬರದ ಮೂಟೆಯ ದುಡ್ಡಿಗಾದ್ರೆ ಇಟ್ಕೊಳ್ಳೋದೇ ವಾಸಿ, ಆ ದುಡ್ಡು ಒಂದು ವಾರದಲ್ಲಿ ಕರಗುತ್ತೆ. ಆಸ್ಪತ್ರೆ ಖರ್ಚು, ಮಕ್ಕಳ ಫೀಸು ಅಂತ ನಿಜವಾದ ಗರಜು ಇದ್ದು ಒಳ್ಳೆ ಬೆಲೆ ಬಂದ್ರೆ ಮಾರೋದ್ರಲ್ಲಿ ಅವಮಾನ ಇಲ್ಲ. ಫೋಟೊ, ಅಳತೆ, ತೂಕ ಬರೆದಿಟ್ಕೊಂಡು, ರಸೀದಿ ಮಾಡ್ಕೊಂಡು ಕೊಡಿ.

ಮಾರೋಕೂ ಮನಸ್ಸಿಲ್ಲ, ಮನೆಯಲ್ಲಿ ಜಾಗವೂ ಇಲ್ಲ ಅನ್ನೋರಿಗೆ ಮೂರನೇ ದಾರಿ ಇದೆ. ರಾಮನಗರದ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಂಥ ಕಡೆ ರೈತರ ಮನೆಯ ಸಾಮಾನುಗಳೇ ಪ್ರದರ್ಶನಕ್ಕಿವೆ. ಪುಣೆಯ ಕೇಳ್ಕರ್ ಮ್ಯೂಸಿಯಂನಲ್ಲಿ ಅಡಕತ್ತರಿಗಳದ್ದೇ ದೊಡ್ಡ ಸಂಗ್ರಹ ಇದೆ. ದಾನ ತಗೋತಾರಾ ಅಂತ ಮೊದಲು ಫೋನ್ ಮಾಡಿ ಕೇಳಿ, ಕೊಟ್ಟಿದ್ದಕ್ಕೆ ಪತ್ರ ತಗೊಳ್ಳಿ.

ಇಟ್ಕೊಳ್ಳೋದಾದ್ರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಮಳೆಗಾಲಕ್ಕೆ ಮುಂಚೆ ಒಂದ್ಸಲ, ಮುಗಿದ ಮೇಲೆ ಒಂದ್ಸಲ ಎಣ್ಣೆ ಸವರಿ. ಮನೆಯಲ್ಲಿ ಎಲೆ-ಅಡಿಕೆ ಹಾಕೋ ಹಿರಿಯರಿದ್ರೆ ಆಗಾಗ ಅವರ ಕೈಗೆ ಕೊಡಿ. ಅಡಕತ್ತರಿಯ ತಿರುಗಣೆ ಹಿಡಿದುಕೊಳ್ಳೋದು ಬಳಸದೆ ಬಿಟ್ಟಾಗಲೇ.