ಮನೆಯನ್ನು ಬೆಚ್ಚಗಿಡುವ ನೀರು

ಕಂಠಪೂರ್ತಿ ತುಂಬಿದ ಬಚ್ಚಲ ಹಂಡೆಗೆ ಉರಿ ಹಾಕಿದರೆ, ಕುದಿಯುವುದಕ್ಕೆ ಮೊದಲೇ ನೀರು ಅಂಚಿನಿಂದ ಹೊರಚೆಲ್ಲುವುದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಕಾದ ನೀರು ಹಿಗ್ಗುತ್ತದೆ. ಹಂಡೆಯ ಬಾಯಿ ತೆರೆದಿರುವುದರಿಂದ ಹೆಚ್ಚಾದ ಭಾಗ ಚೆಲ್ಲಿಹೋಗುತ್ತದೆ. ಆದರೆ ಎಲ್ಲ ಕಡೆಯೂ ಮುಚ್ಚಿದ ಕೊಳವೆಗಳಲ್ಲಿ ನೀರನ್ನು ಕಾಯಿಸಬೇಕಾದರೆ ಏನು ಮಾಡುವುದು? ಬ್ರಿಟನ್ನಿನ ಲಕ್ಷಾಂತರ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವ ವ್ಯವಸ್ಥೆ ಇಂತಹುದೇ. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಅಲ್ಲಿಗೆ ಹೋಗಿ ಬಾಡಿಗೆಯ ಮನೆ ಹಿಡಿದ ಕನ್ನಡಿಗನು ಒಂದು ಬೆಳಗ್ಗೆ ಎದ್ದಾಗ, ರೇಡಿಯೇಟರುಗಳು ತಣ್ಣಗಾಗಿ, ಬಾಯ್ಲರಿನ ಒತ್ತಡಮಾಪಕದ ಮುಳ್ಳು ಸೊನ್ನೆಯ ಬಳಿ ನಿಂತಿದ್ದರೆ ಗಾಬರಿಗೊಳ್ಳುವುದು ಸಹಜ. ಯಂತ್ರ ಕೆಟ್ಟಿತೆಂದು ನಿರ್ಧರಿಸುವ ಮೊದಲು ಅದರ ಮರ್ಮವನ್ನು ಅರಿಯುವುದು ಲೇಸು.

ಬಾಯ್ಲರಿನಲ್ಲಿ ಅನಿಲದ ಉರಿಯಿಂದ ಕಾದ ನೀರನ್ನು ಪಂಪು ಕೋಣೆಕೋಣೆಗೂ ತಳ್ಳುತ್ತದೆ. ರೇಡಿಯೇಟರುಗಳಲ್ಲಿ ಶಾಖವನ್ನು ಬಿಟ್ಟುಕೊಟ್ಟು ತಣಿದ ನೀರು ಬಾಯ್ಲರಿಗೆ ಮರಳುತ್ತದೆ. ಹೀಗೆ ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. 10 ಡಿಗ್ರಿಯಿಂದ 80 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾದಾಗ 100 ಲೀಟರ್ ನೀರು ಸುಮಾರು 3 ಲೀಟರಿನಷ್ಟು ಹಿಗ್ಗುತ್ತದೆ. ಅದಕ್ಕೆ ಎಡೆಗೊಡುವುದೇ ವಿಕಸನ ಪಾತ್ರೆ. ಈ ಉಕ್ಕಿನ ಪಾತ್ರೆಯ ನಡುವೆ ರಬ್ಬರಿನ ಪೊರೆಯಿದೆ. ಒಂದು ಪಕ್ಕದಲ್ಲಿ ನೀರು, ಇನ್ನೊಂದು ಪಕ್ಕದಲ್ಲಿ ಅದುಮಿ ತುಂಬಿದ ಗಾಳಿ. ನೀರು ಹಿಗ್ಗಿದಷ್ಟೂ ಗಾಳಿ ಕುಗ್ಗಿ ಸ್ಥಳ ಬಿಡುತ್ತದೆ. ಇದನ್ನೂ ಮೀರಿ ಒತ್ತಡವು 3 ಬಾರ್ ತಲಪಿದರೆ ರಕ್ಷಣಾ ಕವಾಟ ತೆರೆದು ನೀರನ್ನು ಹೊರಬಿಡುತ್ತದೆ.

ಹಾಗಾದರೆ ತಣ್ಣಗಿರುವಾಗಲೂ ಒತ್ತಡವೇಕೆ? ಒಂದು ಬಾರ್ ಒತ್ತಡವು ಸುಮಾರು 10 ಮೀಟರ್ ಎತ್ತರದ ನೀರಿನ ಕಂಬವನ್ನು ಹೊರಬಲ್ಲದು. ಮೇಲಂತಸ್ತಿನ ರೇಡಿಯೇಟರು ಮಾಪಕಕ್ಕಿಂತ 5 ಮೀಟರ್ ಎತ್ತರದಲ್ಲಿದ್ದರೆ, ನೀರು ಅಲ್ಲಿಯವರೆಗೆ ನಿಲ್ಲುವುದಕ್ಕೇ ಅರ್ಧ ಬಾರ್ ಬೇಕು. ಅದಕ್ಕೆ ತುಸು ಹೆಚ್ಚಳ ಸೇರಿಸಿ, ಸಾಮಾನ್ಯವಾಗಿ 1ರಿಂದ 1.5 ಬಾರ್ ಇಟ್ಟಿರುತ್ತಾರೆ. ಅದು ತೀರ ಇಳಿದರೆ ಅನೇಕ ಬಾಯ್ಲರುಗಳು ತಾವಾಗಿಯೇ ಉರಿಯನ್ನು ನಿಲ್ಲಿಸುತ್ತವೆ. ಇದು ದೋಷವಲ್ಲ, ಎಚ್ಚರಿಕೆ.

ಒತ್ತಡವನ್ನು ಮರಳಿ ತರುವ ಕ್ರಮ ಸರಳವಾದುದು. ಮೊದಲು ಬಾಯ್ಲರನ್ನು ಆರಿಸಿ, ನೀರು ತಣಿಯುವವರೆಗೆ ಕಾಯಬೇಕು. ಬಳಿಕ ಬಾಯ್ಲರಿನ ಕೆಳಗೆ ನೋಡಿದರೆ ಸಾಧಾರಣವಾಗಿ ಲೋಹದ ಎಳೆಗಳಿಂದ ಹೆಣೆದ ಸಣ್ಣ ಕೊಳವೆಯೊಂದು ಕಾಣುತ್ತದೆ. ಊರಿನ ನಲ್ಲಿನೀರನ್ನು ಈ ಮುಚ್ಚಿದ ವ್ಯೂಹಕ್ಕೆ ಸೇರಿಸುವ ಸೇತುವೆ ಇದೇ. ಅದರ ಒಂದು ಕವಾಟವನ್ನು ಪೂರ್ತಿ ತೆರೆದು, ಇನ್ನೊಂದನ್ನು ಮೆಲ್ಲಗೆ ತಿರುಗಿಸಬೇಕು. ನೀರು ನುಗ್ಗುವ ಸದ್ದು ಕೇಳಿಸುತ್ತದೆ. ಕಣ್ಣು ಮಾತ್ರ ಮಾಪಕದ ಮೇಲೆಯೇ ಇರಲಿ, ಮುಳ್ಳು 1.2ರ ಹತ್ತಿರ ಬಂದೊಡನೆ ಎರಡು ಕವಾಟಗಳನ್ನೂ ಬಿಗಿಯಾಗಿ ಮುಚ್ಚಬೇಕು. ಕೆಲವು ಬಾಯ್ಲರುಗಳಲ್ಲಿ ಕೊಳವೆಯ ಬದಲು ಒಳಗೇ ಕೂಡಿಸಿದ ಕೀಲಿಯೋ ಸನ್ನೆಯೋ ಇರುವುದರಿಂದ, ತಯಾರಕರ ಕೈಪಿಡಿಯನ್ನು ಮೊದಲೇ ನೋಡುವುದು ಒಳ್ಳೆಯದು. ಅಟ್ಟದ ಮೇಲೆ ಸಣ್ಣ ತೊಟ್ಟಿಯಿರುವ ಹಳೆಯ ಬಗೆಯ ತೆರೆದ ವ್ಯವಸ್ಥೆಗೆ ಈ ಕ್ರಮ ಅನ್ವಯಿಸದು.

ಕೆಲಸ ಮುಗಿದ ಮೇಲೆ ಬಿಚ್ಚಬಲ್ಲ ಕೊಳವೆಯನ್ನು ಬಿಚ್ಚಿಡಬೇಕು. ರೇಡಿಯೇಟರುಗಳಲ್ಲಿ ಸುತ್ತಿ ಕಪ್ಪಾದ ನೀರಿನಲ್ಲಿ ಕಬ್ಬಿಣದ ಆಕ್ಸೈಡೂ ತುಕ್ಕುನಿರೋಧಕ ರಾಸಾಯನಿಕಗಳೂ ಇರುತ್ತವೆ. ಅದು ಕುಡಿಯುವ ನೀರಿಗೆ ಹಿಂದಿರುಗಿ ಬೆರೆಯಬಾರದು.

ಒತ್ತಡ ಮತ್ತೆ ಮತ್ತೆ ಇಳಿಯುತ್ತಿದ್ದರೆ ಬರಿದೆ ನೀರು ತುಂಬುತ್ತಿರುವುದು ತಪ್ಪು. ಪ್ರತಿ ಸಲವೂ ಹೊಸ ನೀರಿನೊಡನೆ ಆಮ್ಲಜನಕ ಒಳಹೊಕ್ಕು ಕಬ್ಬಿಣವನ್ನು ತಿನ್ನುತ್ತದೆ. ಎಲ್ಲಿಯೋ ಸೋರಿಕೆಯಿರಬೇಕು. ಕಾದಾಗ ಮುಳ್ಳು 3ಕ್ಕೆ ನೆಗೆದು, ತಣಿದಾಗ ಸೊನ್ನೆಗೆ ಬೀಳುವಂತಿದ್ದರೆ ವಿಕಸನ ಪಾತ್ರೆಯ ಗಾಳಿ ಹೋಗಿದೆಯೆಂದು ಶಂಕಿಸಬಹುದು. ಆಗ ಮನೆಯೊಡೆಯನಿಗೆ ತಿಳಿಸುವುದೇ ಸರಿ. ಇಂಗ್ಲೆಂಡಿನಲ್ಲಿ ಬಾಡಿಗೆಮನೆಯ ಇಂತಹ ದುರಸ್ತಿಯನ್ನು ಸಾಮಾನ್ಯವಾಗಿ 1985ರ ಕಾಯಿದೆಯೊಂದು ಅವನ ಮೇಲೆಯೇ ಹೊರಿಸಿದೆ. ಬಾಯ್ಲರಿನ ಹೊದಿಕೆಯನ್ನು ಮಾತ್ರ ಎಂದಿಗೂ ತಾನೇ ತೆರೆಯಬಾರದು. ಒಳಗಿರುವುದು ಅನಿಲದ ಉರಿ. ಉರಿ ಕೆಟ್ಟರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ಪ್ರಾಣ ತೆಗೆಯಬಲ್ಲದು. ಆ ಕೆಲಸ ನೋಂದಾಯಿತ ತಜ್ಞನದು. ಮುಳ್ಳನ್ನು ಓದಿ ಅದರ ಅರ್ಥವನ್ನು ತಿಳಿಯುವುದಾದರೋ ಎಲ್ಲರಿಗೂ ಸಾಧ್ಯ.